ಜಿಲ್ಲಾ ಪರಿಷತ್ತಿನ ನಡವಳಿ ಪುಸ್ತಕ

(ಶಾಲೆಯ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಟಿ., ಮಾಡಿದ ಭಾಷಣ)



ಇಂತಹ ಸಮಾರಂಭಗಳಲ್ಲಿ ಮಹಾಪುರುಷರ ಚರಿತ್ರೆಯನ್ನೋ ನಾಡಿನ ಗತವೈಭವವನ್ನೋ ಕುರಿತು ಮಾತನಾಡುವುದು ವಾಡಿಕೆ. ನಾವು ಇಂದು ಆರಿಸಿಕೊಂಡಿರುವ ವಿಷಯವಾದರೋ ಬಹು ಸಪ್ಪೆಯಾದುದೆಂದು ತೋರಬಹುದು. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪರಿಷತ್ತುಗಳ ನಿತ್ಯದ ವ್ಯವಹಾರವೇ ಆ ವಿಷಯ. ಸಭೆ ಕರೆಯುವುದು, ಹಾಜರಿ ಹಾಕುವುದು, ಹಿಂದಿನ ನಡವಳಿಯನ್ನು ಓದುವುದು, ಠರಾವು ಬರೆಯುವುದು, ರುಜು ಮಾಡುವುದು. ಇದರಲ್ಲಿ ಕೇಳತಕ್ಕದ್ದೇನಿದೆ ಎಂದು ನೀವು ಪ್ರಶ್ನಿಸಬಹುದು. ಆದರೆ ನಮ್ಮ ಹಳ್ಳಿಯ ನೀರು, ರಸ್ತೆ, ಶಾಲೆ ಇವು ಮೂರೂ ಆ ಸಪ್ಪೆ ಕಾಗದಗಳ ಮೇಲೆಯೇ ನಿಂತಿವೆ. ಕನ್ನಡವನ್ನು ಮನೆಮಾತಾಗಿ ಉಳ್ಳ ನಮಗಂತೂ ಆ ಕಾಗದಗಳ ಪರಿಚಯ ಇತರರಿಗಿಂತ ಒಂದು ಪಾಲು ಹೆಚ್ಚಾಗಿಯೇ ಬೇಕು. ಏಕೆಂಬುದನ್ನು ಕ್ರಮವಾಗಿ ಅರಿಕೆ ಮಾಡುತ್ತೇವೆ.

ಮೊದಲು ನಮ್ಮ ಸೀಮೆಯ ಪೂರ್ವಕಥೆ. ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಹಿಂದಿನ ಹೈದರಾಬಾದು ಸಂಸ್ಥಾನದಲ್ಲಿ ಬೀದರ ಜಿಲ್ಲೆಗೆ ಸೇರಿದ್ದವು. ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಗುಲ್ಬರ್ಗ ಜಿಲ್ಲೆಗೆ ಸೇರಿದ್ದವು. ೧೯೫೬ನೆಯ ಇಸವಿ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಹುಮನಾಬಾದ್, ಔರಾದ್ ಮೈಸೂರಿಗೆ ಹೋದವು. ಉದಗೀರ, ಅಹಮದಪುರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವೃತ್ತ ಹಾಗೂ ನಿರ್ಣಾ ವೃತ್ತವೊಂದನ್ನುಳಿದು ಜಹೀರಾಬಾದ್ ತಾಲೂಕು ಆಂಧ್ರಪ್ರದೇಶಕ್ಕೆ ಬಂದವು. ತಾಂಡೂರೂ ಕೊಡಂಗಲ್ಲೂ ಹಾಗೆಯೇ ಬಂದವು. ಗಡಿಯ ಗೆರೆ ಹೊಲಗಳ ನಡುವೆ ಹಾಯಿತು. ಅಕ್ಕತಂಗಿಯರ ಮನೆಗಳು ಎರಡು ರಾಜ್ಯಗಳಲ್ಲಾದವು. ೨೦೧೪ರಲ್ಲಿ ತೆಲಂಗಾಣ ರಾಜ್ಯವಾಯಿತು. ೨೦೧೬ರ ಅಕ್ಟೋಬರಿನಲ್ಲಿ ಜಿಲ್ಲೆಗಳನ್ನು ಮರಳಿ ವಿಂಗಡಿಸಿದಾಗ ಜಹೀರಾಬಾದೂ ನಾರಾಯಣಖೇಡವೂ ಸಂಗಾರೆಡ್ಡಿ ಜಿಲ್ಲೆಗೆ ಸೇರಿದವು. ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಸೇರಿತು.

ಈ ನಡುವೆಯೇ ಗ್ರಾಮಗಳ ಆಡಳಿತ ಕ್ರಮವೂ ರೂಪುಗೊಂಡಿತು. ಬಲವಂತರಾಯ್ ಮೆಹತಾ ಸಮಿತಿ ೧೯೫೭ರಲ್ಲಿ ಮಾಡಿದ ಶಿಫಾರಸಿನಂತೆ ೧೯೫೯ರ ಅಕ್ಟೋಬರ್ ೨ರಂದು ರಾಜಸ್ಥಾನದ ನಾಗೌರಿನಲ್ಲಿ ಪಂಡಿತ ಜವಾಹರಲಾಲ ನೆಹರೂ ಅವರು ಪಂಚಾಯತ್ ರಾಜ್ಯವನ್ನು ಉದ್ಘಾಟಿಸಿದರು. ಅದೇ ತಿಂಗಳಲ್ಲಿ ನಮ್ಮ ಸೀಮೆಗೆ ದೂರವಲ್ಲದ ಶಾದ್‌ನಗರದಲ್ಲಿಯೂ ಆ ಕಾರ್ಯ ನೆರವೇರಿತು. ಪ್ರಾಥಮಿಕ ಶಾಲೆಗಳು ಪಂಚಾಯತ್ ಸಮಿತಿಗಳ ವಶಕ್ಕೂ ಪ್ರೌಢಶಾಲೆಗಳು ಜಿಲ್ಲಾ ಪರಿಷತ್ತುಗಳ ವಶಕ್ಕೂ ಬಂದವು. ಮುಂದೆ ಸಮಿತಿಗಳು ಹೋಗಿ ಮಂಡಲಗಳು ಬಂದವು. ಹಳ್ಳಿಗಳಲ್ಲಿ ಶಾಲೆಯ ಹೆಬ್ಬಾಗಿಲ ಮೇಲಿನ ಫಲಕವನ್ನು ನೀವು ಓದಿರಬಹುದು: ಮಂಡಲ ಪರಿಷತ್ ಪ್ರಾಥಮಿಕ ಶಾಲೆ, ಜಿಲ್ಲಾ ಪರಿಷತ್ ಪ್ರೌಢಶಾಲೆ. ನಿತ್ಯವೂ ಕಣ್ಣಿಗೆ ಬೀಳುವ ಆ ಹೆಸರು ಏನನ್ನು ಹೇಳುತ್ತದೆಂದು ನಾವು ಎಂದಾದರೂ ಆಲೋಚಿಸಿದ್ದೇವೆಯೆ? ಈ ಶಾಲೆ ಒಂದು ಸಭೆಯ ಶಾಲೆ, ಆ ಸಭೆ ನಮ್ಮ ಮತದಿಂದ ಆದುದು ಎಂಬುದೇ ಅದರ ಅರ್ಥ.

ಆ ಸಭೆಯ ರಚನೆ ಹೀಗಿದೆ. ಪ್ರತಿ ಮಂಡಲದಿಂದ ಒಬ್ಬ ಸದಸ್ಯ ಜಿಲ್ಲಾ ಪರಿಷತ್ತಿಗೆ ಜನರಿಂದ ನೇರವಾಗಿ ಆರಿಸಲ್ಪಡುತ್ತಾನೆ. ಅಂಥ ಸದಸ್ಯರು ತಮ್ಮೊಳಗೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ. ಜಿಲ್ಲೆಯ ಶಾಸಕರಿಗೂ ಸಂಸತ್ಸದಸ್ಯರಿಗೂ ಅಲ್ಲಿ ಸ್ಥಾನವುಂಟು. ಸ್ಥಾನಗಳಲ್ಲಿ ಅರ್ಧದಷ್ಟು ಸ್ತ್ರೀಯರಿಗೆ ಮೀಸಲು. ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು ಕಛೇರಿಯನ್ನು ನಡೆಸುತ್ತಾರೆ. ಯೋಜನೆ ಮತ್ತು ಹಣಕಾಸು, ಗ್ರಾಮಾಭಿವೃದ್ಧಿ, ವ್ಯವಸಾಯ, ವಿದ್ಯೆ ಮತ್ತು ವೈದ್ಯ, ಸ್ತ್ರೀ ಕಲ್ಯಾಣ, ಸಮಾಜ ಕಲ್ಯಾಣ, ಕಾಮಗಾರಿ ಎಂದು ಏಳು ಸ್ಥಾಯೀ ಸಮಿತಿಗಳಿವೆ. ಗಡಿಯಾಚೆ ಬೀದರದಲ್ಲಿರುವ ನಮ್ಮ ಬಂಧುಗಳಿಗೆ ಇದೇ ಸಂಸ್ಥೆ ಜಿಲ್ಲಾ ಪಂಚಾಯತಿ. ನಮ್ಮ ಮಂಡಲದ ಸ್ಥಾನದಲ್ಲಿ ಅವರಿಗೆ ತಾಲೂಕು ಪಂಚಾಯತಿ. ಹೆಸರು ಬೇರೆಯಾದರೂ ೧೯೯೩ರ ಏಪ್ರಿಲ್ ೨೪ರಂದು ಜಾರಿಗೆ ಬಂದ ಸಂವಿಧಾನದ ೭೩ನೆಯ ತಿದ್ದುಪಡಿಯೇ ಎರಡಕ್ಕೂ ಅಡಿಪಾಯ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಪಟ್ಟಣಗಳಿಗೆ ಪುರಸಭೆಗಳಿವೆ. ಸುತ್ತಣ ಹಳ್ಳಿಗಳೇ ಪರಿಷತ್ತಿನ ವ್ಯಾಪ್ತಿ.

ಇನ್ನು ಒಂದು ಸಾಮಾನ್ಯ ಸಭೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ತೆಲುಗಿನಲ್ಲಿ ಇದನ್ನು ಸರ್ವಸಭ್ಯ ಸಮಾವೇಶವೆನ್ನುತ್ತಾರೆ. ಕನ್ನಡ ಬಲ್ಲವರಿಗೆ ಅರ್ಥ ಹೇಳಬೇಕಾಗಿಲ್ಲ. ಮುಂಚಿತವಾಗಿ ನೋಟೀಸು ಹೊರಡುತ್ತದೆ. ಅದರೊಡನೆ ಕಾರ್ಯಸೂಚಿ ಇರುತ್ತದೆ. ಸದಸ್ಯರು ಹಾಜರಿ ಪುಸ್ತಕದಲ್ಲಿ ರುಜು ಹಾಕುತ್ತಾರೆ. ನಿಯಮದಲ್ಲಿ ಹೇಳಿದಷ್ಟು ಮಂದಿ ಬಾರದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ. ಹಿಂದಿನ ಸಭೆಯ ನಡವಳಿ ದೃಢೀಕರಿಸಲ್ಪಡುತ್ತದೆ. ಬಳಿಕ ಒಂದೊಂದು ಇಲಾಖೆಯ ಅಧಿಕಾರಿಯೂ ಎದ್ದು ತನ್ನ ವರದಿಯನ್ನು ಒಪ್ಪಿಸುತ್ತಾನೆ. ಕುಡಿಯುವ ನೀರಿನ ಕೊಳವೆ ಯಾವ ಹಳ್ಳಿಗೆ ಮುಟ್ಟಿಲ್ಲ? ಜಹೀರಾಬಾದಿನ ಕಡೆ ಕಬ್ಬಿನ ಗಾಡಿಗಳು ಹಾಯುವ ದಾರಿ ಏನಾಗಿದೆ? ತಾಂಡೂರಿನ ಕಲ್ಲುಚಪ್ಪಡಿಯನ್ನೂ ಸಿಮೆಂಟನ್ನೂ ಹೊತ್ತ ಲಾರಿಗಳಿಂದ ಯಾವ ರಸ್ತೆ ಕೆಟ್ಟಿದೆ? ಮಂಜೀರಾ ತೀರದ ಹೊಲಗಳಿಗೆ ಬೀಜ ಗೊಬ್ಬರ ಬಂತೆ? ಶಾಲೆಗಳಲ್ಲಿ ಎಷ್ಟು ಉಪಾಧ್ಯಾಯರ ಸ್ಥಾನಗಳು ಖಾಲಿ? ಪ್ರಶ್ನೆ ಕೇಳುವವರು ಕೇಳುತ್ತಾರೆ, ಉತ್ತರ ಬರುತ್ತದೆ, ಠರಾವು ಬರೆಯಲ್ಪಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೆಲವರು ಆಕಳಿಸುತ್ತಲೂ ಇರಬಹುದು.

ಕೆಲಸದ ಮರ್ಮವಿರುವುದು ಇಲ್ಲಿಯೇ. ಸಭೆಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ನಡವಳಿ ಪುಸ್ತಕದಲ್ಲಿ ಬರೆದ ಮಾತು ಹೆಜ್ಜೆ ಹಾಕಿ ನಡೆಯುತ್ತದೆ. ಠರಾವಿನ ನಕಲು ಇಂಜಿನಿಯರರ ಬಳಿಗೆ ಹೋಗಬೇಕು, ಅಂದಾಜುಪಟ್ಟಿ ಆಗಬೇಕು, ಹಣ ಮಂಜೂರಾಗಬೇಕು, ಟೆಂಡರು ಕರೆಯಬೇಕು, ಕೆಲಸವನ್ನು ಅಳೆದು ಪುಸ್ತಕದಲ್ಲಿ ಬರೆದ ಮೇಲೆ ಬಿಲ್ಲು ಪಾವತಿಯಾಗಬೇಕು. ಶಾಲೆಯ ಸೋರುವ ಮಾಳಿಗೆ ನಿಲ್ಲಬೇಕಾದರೆ ಕಾಗದ ಇಷ್ಟು ಮೆಟ್ಟಲುಗಳನ್ನು ಹತ್ತಬೇಕು. ಯಾವ ಮೆಟ್ಟಲಲ್ಲಿ ಕುಳಿತಿದೆಯೆಂದು ವಿಚಾರಿಸುವವರಿಲ್ಲದಿದ್ದರೆ ಅದು ಅಲ್ಲಿಯೇ ಕುಳಿತಿರುತ್ತದೆ. ಉಪಾಧ್ಯಾಯರ ನೇಮಕವಾದರೋ ಪರಿಷತ್ತಿನ ಕೈಯಲ್ಲಿಲ್ಲ, ಅದು ಸರಕಾರದ್ದು. ಆದರೂ ಜಿಲ್ಲೆಯ ಸಭೆ ಒಂದು ಕೊರತೆಯನ್ನು ಗುರುತಿಸಿ ಬರೆದು ಕಳುಹಿಸಿದರೆ, ಆ ಕೊರತೆ ಇಲ್ಲವೆಂದು ಹೇಳಲು ಮೇಲಿನವರಿಗೆ ಆಗುವುದಿಲ್ಲ.

ಈಗ ಕನ್ನಡದ ಮಾತಿಗೆ ಬರುತ್ತೇವೆ. ಖಾಲಿ ಸ್ಥಾನಗಳ ವರದಿಯಲ್ಲಿ ಸಾಮಾನ್ಯವಾಗಿ ಒಂದು ಒಟ್ಟು ಸಂಖ್ಯೆಯಿರುತ್ತದೆ. ಆ ಒಟ್ಟಿನೊಳಗೆ ಕನ್ನಡ ಮಾಧ್ಯಮದ ಒಂದೆರಡು ಸ್ಥಾನಗಳು ರಾಶಿಯಲ್ಲಿ ಬಿದ್ದ ಸಾಸುವೆಯಂತೆ ಅಡಗಿಬಿಡುತ್ತವೆ. ತೆಲುಗು ಮಾಧ್ಯಮದ ಉಪಾಧ್ಯಾಯರನ್ನು ಪಕ್ಕದ ಊರಿನಿಂದ ತಾತ್ಕಾಲಿಕವಾಗಿ ಕಳುಹಿಸಬಹುದು. ಕನ್ನಡದಲ್ಲಿ ಗಣಿತ ಹೇಳುವವರನ್ನು ಹಾಗೆ ಕಳುಹಿಸಲು ಪಕ್ಕದ ಊರಿನಲ್ಲಿ ಕನ್ನಡ ಶಾಲೆಯೇ ಇರುವುದಿಲ್ಲ. ನಮ್ಮಲ್ಲಿ ಒಂದು ಸ್ಥಾನ ಖಾಲಿಯಾಯಿತೆಂದರೆ ಒಂದು ತರಗತಿ ನಿಂತಂತೆ. ತರಗತಿ ನಿಂತರೆ ತಂದೆತಾಯಿಗಳು ಮಕ್ಕಳನ್ನು ಬೇರೆ ಶಾಲೆಗೆ ಒಯ್ಯುತ್ತಾರೆ. ಮಕ್ಕಳ ಸಂಖ್ಯೆ ಇಳಿದರೆ ಶಾಲೆಯ ಅವಶ್ಯಕತೆಯನ್ನೇ ಪ್ರಶ್ನಿಸಲಾಗುತ್ತದೆ. ಇದರಲ್ಲಿ ಯಾರ ದ್ವೇಷವೂ ಇರಬೇಕಾಗಿಲ್ಲ. ಒಂದು ಸಾಲನ್ನು ಯಾರೂ ಬಿಡಿಸಿ ಓದಲಿಲ್ಲವೆಂಬಷ್ಟೇ ಕಾರಣ ಸಾಕು.

ಈ ಸಾಲನ್ನು ಬಿಡಿಸಿ ಓದಿಸುವ ಹಕ್ಕು ನಮಗುಂಟು. ಸಂವಿಧಾನದ ೩೫೦ಎ ಅನುಚ್ಛೇದವನ್ನು ಏಳನೆಯ ತಿದ್ದುಪಡಿಯ ಮೂಲಕ ಸೇರಿಸಲಾಯಿತು. ಅದು ಜಾರಿಗೆ ಬಂದ ದಿನವೂ ೧೯೫೬ರ ನವೆಂಬರ್ ೧ ಎಂಬುದನ್ನು ಗಮನಿಸಿರಿ. ನಮ್ಮನ್ನು ಬೇರೆ ರಾಜ್ಯಕ್ಕೆ ಒಪ್ಪಿಸಿದ ದಿನವೇ ಈ ಅಭಯವನ್ನೂ ಕೊಡಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಅನುಕೂಲಗಳನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದೆಂದು ಅದರ ಭಾವ. ರಾಜ್ಯ ಮಾತ್ರವಲ್ಲ, ಸ್ಥಳೀಯ ಸಂಸ್ಥೆಯೂ ಎಂದಿದೆ. ದಿಲ್ಲಿಯಲ್ಲಿ ಬರೆದ ಆ ಮಾತು ಸಂಗಾರೆಡ್ಡಿಯ ಮತ್ತು ವಿಕಾರಾಬಾದಿನ ಪರಿಷತ್ ಸಭಾಭವನಗಳನ್ನೂ ನೇರವಾಗಿ ಉದ್ದೇಶಿಸುತ್ತದೆ. ಇನ್ನು ೩೫೦ನೆಯ ಅನುಚ್ಛೇದದಂತೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಕುಂದುಕೊರತೆಯ ಮನವಿಯನ್ನು ಅಧಿಕಾರಿಗಳಿಗೆ ಸಲ್ಲಿಸಬಹುದು. ಕೇರಳದಲ್ಲಿ ೧೯೬೯ರ ಆಡಳಿತ ಭಾಷಾ ಶಾಸನವು ಅಲ್ಲಿಯ ಕನ್ನಡಿಗರಿಗೂ ತಮಿಳರಿಗೂ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರಕ್ಕೆ ಅವಕಾಶವಿತ್ತಿದೆ.

ಆದರೆ ಹಕ್ಕಿದೆಯೆಂದು ಜಗಳಕ್ಕೆ ನಿಲ್ಲುವುದು ಜಾಣತನವಲ್ಲ. ನಮ್ಮ ಅಭಿಪ್ರಾಯದಲ್ಲಿ ಮನವಿಯನ್ನು ಕನ್ನಡದಲ್ಲಿ ಬರೆದು, ಅದರೊಡನೆ ತೆಲುಗು ಪ್ರತಿಯನ್ನೂ ಲಗತ್ತಿಸುವುದು ಲೇಸು. ಕನ್ನಡ ಪ್ರತಿ ನಾವು ಇದ್ದೇವೆಂದು ಹೇಳುತ್ತದೆ. ತೆಲುಗು ಪ್ರತಿ ನಮ್ಮ ಕೆಲಸವನ್ನು ಮಾಡಿಸುತ್ತದೆ. ೨೦೧೮ರ ಕಾನೂನಿನಂತೆ ಈ ರಾಜ್ಯದ ಶಾಲೆಗಳಲ್ಲಿ ತೆಲುಗು ಕಡ್ಡಾಯ ಪಾಠವಾಯಿತು. ವಿದ್ಯಾರ್ಥಿಗಳೇ, ಅದನ್ನು ಹೊರೆಯೆಂದು ಭಾವಿಸಬೇಡಿರಿ. ೧೯೪೮ಕ್ಕೆ ಹಿಂದೆ ನಮ್ಮ ಹಿರಿಯರು ಕಛೇರಿಗೆ ಹೋಗಬೇಕಾದರೆ ಉರ್ದು ಬರೆಯಬಲ್ಲವರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿತ್ತು. ಆ ಕಾಲ ಬಿಟ್ಟುಹೋದ ಅರ್ಜಿ, ಹಾಜರಿ, ನಕಲು, ಮಂಜೂರು, ಬಾಕಿ, ದಫ್ತರ ಮುಂತಾದ ಶಬ್ದಗಳನ್ನು ಇಂದು ನಾವು ನಮ್ಮವೆಂದೇ ಆಡುತ್ತೇವೆ. ತೆಲುಗಿನ ತೀರ್ಮಾನವೆಂಬ ಶಬ್ದ ನಮ್ಮಲ್ಲಿಯೂ ಇದ್ದೇ ಇದೆ. ಲಿಪಿಯಂತೂ ಒಡಹುಟ್ಟಿದ್ದು. ಹಿಂದಿನವರಿಗಿಲ್ಲದ ಅನುಕೂಲ ನಿಮಗಿದೆ: ನಿಮ್ಮ ಮನೆಯ ಕಾಗದವನ್ನು ನೀವೇ ಓದಬಲ್ಲಿರಿ, ನೀವೇ ಬರೆಯಬಲ್ಲಿರಿ.

ಬರೆಯುವ ಕ್ರಮವನ್ನೂ ಹೇಳುತ್ತೇವೆ. ನಮ್ಮ ಶಾಲೆಗೆ ಬಹಳ ತೊಂದರೆಯಿದೆ, ದಯಮಾಡಿ ಪರಿಹರಿಸಿರಿ ಎಂದು ಬರೆದ ಅರ್ಜಿಯಿಂದ ಯಾವ ಗುಮಾಸ್ತನಿಗೂ ಏನೂ ತಿಳಿಯದು. ಯಾವ ಊರು, ಯಾವ ಮಂಡಲ, ಯಾವ ಶಾಲೆ, ಯಾವ ವಿಷಯದ ಸ್ಥಾನ, ಯಾವ ತಾರೀಖಿನಿಂದ ಖಾಲಿ, ಎಷ್ಟು ಮಂದಿ ಮಕ್ಕಳು, ನಮ್ಮ ಕೋರಿಕೆ ಏನು ಎಂಬ ಏಳು ಸಂಗತಿಗಳು ಒಂದೇ ಪುಟದಲ್ಲಿ ಇರಲಿ. ತಾರೀಖು ಹಾಕಿರಿ. ತಲುಪಿದ್ದಕ್ಕೆ ಮೊಹರು ಪಡೆದು ನಕಲನ್ನು ಇಟ್ಟುಕೊಳ್ಳಿರಿ. ನಿಮ್ಮ ಮಂಡಲದ ಸದಸ್ಯರಿಗೆ ಒಂದು ಪ್ರತಿ ಕೊಟ್ಟು, ವಿದ್ಯಾ ಸಮಿತಿಯಲ್ಲಿ ಇದನ್ನು ಎತ್ತಬೇಕೆಂದು ಕೇಳಿರಿ. ಸಭೆ ಮುಗಿದ ಮೇಲೆ ಏನು ಬರೆದಿದ್ದಾರೆಂದು ತಿಳಿಯಬೇಕಾದರೆ ೨೦೦೫ರ ಮಾಹಿತಿ ಹಕ್ಕಿನ ಕಾನೂನಿನಂತೆ ನಡವಳಿಯ ನಕಲನ್ನು ಕೇಳಬಹುದು. ಮೂವತ್ತು ದಿನಗಳಲ್ಲಿ ಉತ್ತರ ಕೊಡತಕ್ಕದ್ದೆಂದು ನಿಯಮ.

ಚುನಾಯಿತ ಸಭೆಯೇ ಇಲ್ಲದ ಕಾಲವೂ ಬರುವುದುಂಟು. ೨೦೧೯ರಲ್ಲಿ ಆರಿಸಿಬಂದ ಗ್ರಾಮ ಪಂಚಾಯತಿಗಳ ಅವಧಿ ೨೦೨೪ರ ಫೆಬ್ರವರಿಯಲ್ಲಿಯೂ, ಮಂಡಲ ಮತ್ತು ಜಿಲ್ಲಾ ಪರಿಷತ್ತುಗಳ ಅವಧಿ ಅದೇ ವರ್ಷದ ಜುಲೈಯಲ್ಲಿಯೂ ಮುಗಿದಾಗ, ವಿಶೇಷಾಧಿಕಾರಿಗಳು ಆಡಳಿತವನ್ನು ವಹಿಸಿಕೊಂಡರು. ಅಂತಹ ವೇಳೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯನಿರುವುದಿಲ್ಲ. ಆಗ ಬಡವನ ಪರವಾಗಿ ಮಾತನಾಡುವುದು ಬರೆದಿಟ್ಟ ಕಾಗದವೊಂದೇ.

ಬರಹದ ಬಲ ಎಷ್ಟೆಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ನಿದರ್ಶನವಿದೆ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿಯೆಂಬ ಊರಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ೧೧ನೆಯ ಶತಮಾನದಲ್ಲಿ, ಅಲ್ಲಿ ದೊಡ್ಡ ವಿದ್ಯಾಸ್ಥಾನವಿತ್ತು. ಅಲ್ಲಿ ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರು ಆರು ಮಂದಿ ಇದ್ದರೆಂದು ನಮಗೆ ತಿಳಿದಿದೆ. ಹೇಗೆ ತಿಳಿಯಿತು? ಯಾರೋ ಅದನ್ನು ಲೆಕ್ಕಮಾಡಿ ಕಲ್ಲಿನಲ್ಲಿ ಬರೆಯಿಸಿದರು. ಯಾರು ಎಷ್ಟು ಮಂದಿ, ಯಾರಿಗೆ ಏನು ಸಲ್ಲತಕ್ಕದ್ದು ಎಂಬ ಸಪ್ಪೆ ವಿವರವೇ ಸುಮಾರು ಸಾವಿರ ವರ್ಷ ಬಾಳಿತು.

ಪೋಷಕ ಮಹಾಶಯರೇ, ಗ್ರಾಮಸಭೆಯ ಡಂಗುರ ಕೇಳಿದಾಗ ಹೊಲದ ಕೆಲಸ ಮುಗಿಯಲಿಲ್ಲವೆಂದು ಹಿಂದುಳಿಯಬೇಡಿರಿ. ತಾಯಂದಿರೇ, ಅರ್ಧ ಸ್ಥಾನಗಳು ನಿಮ್ಮವಾಗಿರುವಾಗ ಸಭೆಯಲ್ಲಿ ನಿಮ್ಮ ದನಿಯೂ ಅರ್ಧದಷ್ಟು ಕೇಳಿಬರಲಿ. ವಿದ್ಯಾರ್ಥಿಗಳೇ, ಬರುವ ವರ್ಷದಿಂದ ನಮ್ಮ ಶಾಲೆಯಲ್ಲಿ ಪ್ರತಿ ತಿಂಗಳೂ ವಿದ್ಯಾರ್ಥಿ ಪರಿಷತ್ತಿನ ಸಭೆ ನಡೆಯುವುದು. ನೋಟೀಸು, ಕಾರ್ಯಸೂಚಿ, ಹಾಜರಿ, ಠರಾವು ಎಲ್ಲವೂ ಕ್ರಮದಂತೆ ಇರಬೇಕು. ನಡವಳಿಯನ್ನು ಕನ್ನಡದಲ್ಲಿ ಒಬ್ಬನೂ ತೆಲುಗಿನಲ್ಲಿ ಒಬ್ಬಳೂ ಬರೆಯಬೇಕು. ಕುಡಿಯುವ ನೀರಿನ ಗಡಿಗೆ, ಮುರಿದ ಬೆಂಚು, ಪುಸ್ತಕದ ಕಪಾಟು, ಇವೇ ನಿಮ್ಮ ಮೊದಲ ವಿಷಯಗಳಾಗಲಿ. ಗಡಿಗೆಯ ವಿಷಯವನ್ನು ಸರಿಯಾಗಿ ಬರೆಯಲು ಕಲಿತವನು ಮುಂದೆ ಊರಿನ ಕೆರೆಯ ವಿಷಯವನ್ನೂ ಬರೆಯಬಲ್ಲನು.