ಎರಡು ಬಣ್ಣ ಕೂಡುವಲ್ಲಿ

ದೀಪಾವಳಿ ಹತ್ತಿರ ಬಂತೆಂದರೆ ಹುಬ್ಬಳ್ಳಿಯ ವಿದ್ಯಾನಗರದ ಮನೆಗಳಲ್ಲೂ ಬಣ್ಣದ ಡಬ್ಬಿಗಳು ತೆರೆದುಕೊಳ್ಳುತ್ತವೆ. ಇಡೀ ಗೋಡೆಗೆ ಬಣ್ಣ ಬಳಿಯುವುದು ಯಾರಿಗಾದರೂ ಬಂದೀತು. ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಗೆರೆಯಲ್ಲೇ ಪೇಂಟರನ ಕೈ ಗೊತ್ತಾಗುವುದು. ಹಿಂದೆ ಮೇಲೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಪುಡಿ ಸವರಿದ ದಾರವನ್ನು ಬಿಗಿಹಿಡಿದು ಒಮ್ಮೆ ಮೀಟಿದರೆ ಗೆರೆ ಮೂಡುತ್ತಿತ್ತು. ಈಗ ಮಾಸ್ಕಿಂಗ್ ಟೇಪ್ ಇದೆ. ಆದರೂ ಬಣ್ಣ ಒಳಗೆ ನುಸುಳುತ್ತದೆ, ಯಾಕೆಂದರೆ ಗೋಡೆ ಕಣ್ಣಿಗೆ ಕಂಡಷ್ಟು ನುಣುಪಲ್ಲ. ಟೇಪಿನಡಿ ಸಣ್ಣ ಸಂದುಗಳು ಉಳಿದಿರುತ್ತವೆ.

ಬಲ್ಲವರು ಮೊದಲು ತಿಳಿ ಬಣ್ಣ ಬಳಿದು ಪೂರ್ತಿ ಒಣಗಲು ಬಿಡುತ್ತಾರೆ. ಆಮೇಲೆ ಟೇಪ್ ಅಂಟಿಸಿ, ಅಂಚು ಒತ್ತಿ, ಅದರ ಮೇಲೆ ಆ ತಿಳಿ ಬಣ್ಣವನ್ನೇ ಮತ್ತೊಮ್ಮೆ ಸವರುತ್ತಾರೆ. ನುಸುಳುವುದಿದ್ದರೆ ಅದೇ ನುಸುಳಿ ಸಂದು ಮುಚ್ಚಲಿ ಅಂತ! ಅದು ಒಣಗಿದ ಮೇಲೆ ಗಾಢ ಬಣ್ಣ. ಈ ಬಣ್ಣ ಹಸಿಯಿರುವಾಗಲೇ ಟೇಪನ್ನು ಓರೆಯಾಗಿ, ನಿಧಾನಕ್ಕೆ ಕೀಳಬೇಕು. ಪೂರ್ತಿ ಒಣಗಿಸಿ ಕಿತ್ತರೆ ಬಣ್ಣದ ಪೊರೆಯೂ ಎದ್ದುಬರುವುದುಂಟು. ಕೂಲಿಗೆ ಚೌಕಾಸಿ ಮಾಡುವ ನಾವು ಈ ಕಾಯುವ ಹೊತ್ತನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನವೆಂಬರ್ 1ರ ರಾಜ್ಯೋತ್ಸವಕ್ಕೆ ಓಣಿಯ ಧ್ವಜಕಟ್ಟೆಗೆ ಅರಿಶಿನ-ಕುಂಕುಮದ ಬಣ್ಣ ಬಳಿಯುವ ಗೆಳೆಯರೇ, ಈ ಸಲ ಹಳದಿ ಒಣಗುವ ತನಕ ಕೆಂಪು ಡಬ್ಬಿ ತೆರೆಯಬೇಡಿ.