ಒಬ್ಬರ ಬೆವರು, ಹತ್ತು ಜನರ ಕಾಣಿಕೆ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತನಾಡಲು ನಮಗೆ ಅವಕಾಶ ಕೊಟ್ಟಿದ್ದೀರಿ. ನಿಮಗೆ ಸಹಕಾರ ತತ್ವ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಆದ್ದರಿಂದ ಈಜಿ, ಸೈಕಲ್ ತುಳಿದು, ಓಡಿ ಪರೋಪಕಾರಕ್ಕೆ ಹಣ ಕೂಡಿಸಿದ ಒಬ್ಬ ತಾಯಿಯ ವಿಷಯ ಹೇಳೋಣ ಅಂತ ಬಂದಿದ್ದೇವೆ.

ಈ ಮೂರನ್ನೂ ಒಂದರ ಹಿಂದೆ ಒಂದರಂತೆ ಮಾಡುವ ಸ್ಪರ್ಧೆಗೆ ಟ್ರಯಥ್ಲಾನ್ ಎನ್ನುತ್ತಾರೆ. ಅದರಲ್ಲಿ ಬಹಳ ಕಠಿಣವಾದದ್ದು ಐರನ್‌ಮ್ಯಾನ್, ಅಂದರೆ ಕಬ್ಬಿಣದ ಮನುಷ್ಯ. ಅಮೆರಿಕದ ಹವಾಯಿ ದ್ವೀಪಗಳಲ್ಲಿ 1978ರಲ್ಲಿ ಇದು ಶುರುವಾಯಿತು. ಆ ವರ್ಷ ಹೊರಟವರು 15 ಜನ, ಮುಗಿಸಿದವರು 12 ಜನ. ಮೊದಲು 3.8 ಕಿಲೋಮೀಟರ್ ಈಜು. ಮೇಲೆದ್ದ ಕೂಡಲೇ 180 ಕಿಲೋಮೀಟರ್ ಸೈಕಲ್. ಸುಮಾರಾಗಿ ಬೆಂಗಳೂರಿನಿಂದ ಹಾಸನಕ್ಕೆ ಆಗುವ ದೂರ. ಸೈಕಲ್ ಇಳಿದು 42 ಕಿಲೋಮೀಟರ್ ಓಟ. ಹಾಸನದಿಂದ ಸಕಲೇಶಪುರ ಮುಟ್ಟಿದ ಹಾಗೆ. ಇಷ್ಟಕ್ಕೂ ಸಾಮಾನ್ಯವಾಗಿ 17 ಗಂಟೆಯ ವಾಯಿದೆ. ನಮ್ಮ ಸಾಲಕ್ಕಾದರೆ ವಾಯಿದೆ ಮೀರಿದರೂ ಬಡ್ಡಿ ಸೇರಿಸಿ ಕಟ್ಟಬಹುದು. ಅಲ್ಲಿ ಮೀರಿದರೆ ಲೆಕ್ಕಕ್ಕೇ ಇಲ್ಲ!

ಇಂಗ್ಲೆಂಡಿನ ಲೀಡ್ಸ್ ನಗರದ ಕಡೆಯ ಜೇನ್ ಟಾಮ್ಲಿನ್‌ಸನ್ ಎಂಬ ಹೆಣ್ಣುಮಗಳು ಇದನ್ನು 2004ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ವಾಯಿದೆಯೊಳಗೆ ಮುಗಿಸಿದರು. ಆಕೆ ಹುಟ್ಟಾ ಕ್ರೀಡಾಪಟು ಅಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ, ಮನೆಯಲ್ಲಿ ಮೂವರು ಮಕ್ಕಳು. 1990ರಲ್ಲಿ, 26ನೇ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರ್ ಬಂತು. ಚಿಕಿತ್ಸೆಯೂ ಆಯಿತು. ಆದರೆ 2000ದಲ್ಲಿ ರೋಗ ಮತ್ತೆ ಮರಳಿ ಮೂಳೆಗೆ ಹರಡಿತ್ತು. ಇನ್ನು ಗುಣವಾಗುವುದಿಲ್ಲ ಎಂದು ವೈದ್ಯರು ತಿಳಿಸಿದರು. ಅಂಥ ಹೊತ್ತಿನಲ್ಲಿ ಯಾರಿಗಾದರೂ ಕೈಕಾಲು ಬಿದ್ದುಹೋಗುತ್ತೆ. ಈ ತಾಯಿ ಮಾತ್ರ ಓಡುವುದಕ್ಕೆ ನಿಂತರು. 2002ರಲ್ಲಿ ಲಂಡನ್ ಮ್ಯಾರಥಾನ್ ಓಡಿದರು. 2003ರಲ್ಲಿ ತಮ್ಮ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಸೈಕಲ್ ತುಳಿದರು. 2006ರಲ್ಲಿ ಅಮೆರಿಕವನ್ನೇ ಅಡ್ಡಲಾಗಿ ಸೈಕಲ್‌ನಲ್ಲಿ ದಾಟಿದರು. 2007ರ ಸೆಪ್ಟೆಂಬರ್‌ನಲ್ಲಿ, 43ನೇ ವಯಸ್ಸಿನಲ್ಲಿ, ತೀರಿಕೊಂಡರು. ಮಕ್ಕಳ ಮತ್ತು ಕ್ಯಾನ್ಸರ್ ರೋಗಿಗಳ ಸೇವಾಸಂಸ್ಥೆಗಳಿಗೆ ಆಕೆಯ ಶ್ರಮದಿಂದ ಕೂಡಿದ ಹಣ ಸುಮಾರು 18 ಲಕ್ಷದ 50 ಸಾವಿರ ಪೌಂಡ್.

“ಓಡಿದರೆ ದುಡ್ಡು ಎಲ್ಲಿಂದ ಬರುತ್ತೆ ಸ್ವಾಮಿ?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬರುವುದು ಬಹುಮಾನದಿಂದಲ್ಲ. ಹೊರಡುವ ಮೊದಲು ನೆರೆಹೊರೆಯವರು, ಜೊತೆಯಲ್ಲಿ ಕೆಲಸ ಮಾಡುವವರು, ಅಂಗಡಿಯವರು ಒಂದು ಹಾಳೆಯಲ್ಲಿ ಹೆಸರು ಬರೆದು, “ನೀನು ಮುಗಿಸಿದರೆ ನನ್ನದು ಇಷ್ಟು” ಎಂದು ಮಾತು ಕೊಡುತ್ತಾರೆ. ಆ ದೇಶದಲ್ಲಿ ಇದು ಹಳೆಯ ರೂಢಿ. ನಮಗೂ ಇದು ಪೂರಾ ಹೊಸದೇನಲ್ಲ. ಹರಕೆ ಹೊತ್ತು ಕಾಲ್ನಡಿಗೆಯಲ್ಲಿ ಧರ್ಮಸ್ಥಳಕ್ಕೋ ಮಾದಪ್ಪನ ಬೆಟ್ಟಕ್ಕೋ ಹೊರಟವರಿಗೆ ದಾರಿಯ ಊರಿನವರು ಮಜ್ಜಿಗೆ ಕೊಡುವುದಿಲ್ಲವೇ? ಒಬ್ಬರು ಕಷ್ಟಪಡುವುದನ್ನು ಕಂಡರೆ ನಮ್ಮದೂ ಒಂದು ಪಾಲಿರಲಿ ಅನಿಸುತ್ತೆ. ಅಷ್ಟೇ ಇದರ ಗುಟ್ಟು.

ಬಂಧುಗಳೇ, ಇದರಲ್ಲಿ ನಮ್ಮ ಸಂಘಕ್ಕೆ ಬೇಕಾದ ಮಾತೊಂದಿದೆ. ಸ್ಪರ್ಧೆಯಲ್ಲಿ ಬೆವರು ಒಬ್ಬರದು, ಆದರೆ ನಿಧಿ ಸಾವಿರಾರು ಜನರದು. ಮಾತು ಕೊಟ್ಟವರು ಹಣ ಕೊಡಬೇಕು. ಹಣ ಪಡೆದವರು ಲೆಕ್ಕ ಕೊಡಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಮುಂದಿನ ವರ್ಷ ಯಾರೂ ಹಾಳೆಗೆ ಹೆಸರು ಬರೆಯುವುದಿಲ್ಲ. ಇಪ್ಪತ್ತೈದು ವರ್ಷ ನಮ್ಮ ಸಂಘ ನಿಂತಿರುವುದೂ ಇದೇ ನಂಬಿಕೆಯ ಮೇಲೆ ಅಲ್ಲವೇ?

ನಮ್ಮ ಊರಿನಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಬೇಕಾಗುತ್ತೆ. ಔಷಧಿಯ ಮಾತು ಹಾಗಿರಲಿ, ಜೊತೆಗೆ ಹೋದವರ ಬಸ್ ಚಾರ್ಜು, ಊಟ, ತಪ್ಪಿದ ಕೂಲಿ, ಇವೇ ಮನೆಯನ್ನು ಮಲಗಿಸಿಬಿಡುತ್ತವೆ. ಅಂಥವರಿಗಾಗಿ ಸಂಘದಲ್ಲಿ ಒಂದು ಆರೋಗ್ಯ ನೆರವು ನಿಧಿ ಇರಲಿ ಎಂಬುದು ನಮ್ಮ ಸಲಹೆ. ಅದಕ್ಕಾಗಿ ನಮ್ಮ ಯುವಕ ಯುವತಿಯರು ವರ್ಷಕ್ಕೊಮ್ಮೆ ಓಡಲಿ, ಸೈಕಲ್ ತುಳಿಯಲಿ, ವಯಸ್ಸಾದವರು ನಡೆಯಲಿ. ಕಬ್ಬಿಣದ ಮನುಷ್ಯರಾಗಬೇಕಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು, ವೈದ್ಯರ ಒಪ್ಪಿಗೆ ಬೇಕು. ಹುಮ್ಮಸ್ಸಿನಲ್ಲಿ ಯಾರೂ ಕೆರೆಗೆ ಧುಮುಕುವುದು ಬೇಡ. ಕೂಡಿದ ಹಣಕ್ಕೆ ರಸೀದಿ ಇರಲಿ, ಸ್ಪರ್ಧೆಯ ಖರ್ಚು ಬೇರೆ ಇರಲಿ, ಕಾಸು ಕಾಸಿನ ಲೆಕ್ಕ ವಾರ್ಷಿಕ ಮಹಾಸಭೆಯ ಮುಂದೆ ಬರಲಿ.

ತಾಯಂದಿರಲ್ಲಿ ಒಂದು ವಿಶೇಷ ಮನವಿ. ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ, ನೋವಿಲ್ಲ ಅಂತ ಸುಮ್ಮನಿರಬೇಡಿ, ಸಂಕೋಚಪಟ್ಟು ಮುಚ್ಚಿಡಬೇಡಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಆದರೆ ತೋರಿಸದೆ ಅದು ಗೊತ್ತಾಗುವುದಿಲ್ಲ. ಬೇಗ ತೋರಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಮನೆಯ ಗಂಡಸರೂ ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು.

ಆ ತಾಯಿ ಓಡಿದ್ದರಿಂದ ಆಕೆಯ ರೋಗ ವಾಸಿಯಾಗಲಿಲ್ಲ. ಅದು ಆಕೆಗೂ ಗೊತ್ತಿತ್ತು. ಆದರೂ ಬೇರೆಯವರ ಮಕ್ಕಳಿಗಾಗಿ ಓಡಿದರು. ನಮ್ಮ ನಿಧಿಗೆ ಹಾಕುವ ಹತ್ತು ರೂಪಾಯಿಯೂ ಹಾಗೆಯೇ. ಹಾಕಿದವರಿಗೇ ಅದು ಬೇಕಾಗದಿರಬಹುದು, ಬೇಕಾಗದಿರಲಿ ಎಂದೇ ಹಾರೈಸುತ್ತೇವೆ. ಆಡಳಿತ ಮಂಡಳಿಯವರು ಈ ಸಲಹೆಯನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇವೆ.

ಜೈ ಸಹಕಾರ!