ಎಲೆಯ ಲೆಕ್ಕಕ್ಕೊಂದು ಪುಟ್ಟ ಕಿಟಕಿ
(ತೋಟದ ಕುಟುಂಬಗಳ ಭಾನುವಾರದ ಸಂಜೆ ಕೂಟದಲ್ಲಿ ಮಾಡಿದ ಭಾಷಣ)



ಕಂಪ್ಯೂಟರಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಹಿರಿಯರು ಕೇಳಿದಾಗ ನನಗೆ ಸಂಕೋಚವೇ ಆಯಿತು. ನಾನು ದೊಡ್ಡ ಓದು ಓದಿದವಳಲ್ಲ. ಗೂಡಲೂರು ಕಡೆಯ ಒಂದು ಚಹಾ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು, ಪ್ಲಸ್ ಟೂ ತನಕ ಓದಿದವಳು. ಆದರೆ ಕಂಪ್ಯೂಟರಿನಲ್ಲಿ ನನ್ನ ಕೈಯಿಂದಲೇ ಒಂದು ಚಿಕ್ಕ ವಸ್ತುವನ್ನು ಮಾಡಿದ್ದೇನೆ. ಅದನ್ನು ಮಾಡುವಾಗ ಮೂರು ಸಲ ದೊಡ್ಡ ತಪ್ಪು ಮಾಡಿದ್ದೇನೆ. ಆ ತಪ್ಪುಗಳನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ. ಅವು ನಮ್ಮ ಮಕ್ಕಳಿಗೆ ಉಪಯೋಗಕ್ಕೆ ಬಂದಾವು.

ಮೊದಲು ಕಾರಣವನ್ನು ಹೇಳಬೇಕು. ನನ್ನ ಅಮ್ಮ ಎಲೆ ಕೀಳುವವರು. ದಿನಕ್ಕೆ ಮೂರು ಸಲ ತೂಕ, ಮೂರು ಚೀಟಿ. ತಿಂಗಳಿಗೆ 26 ದಿನ ಕೆಲಸವಾದರೆ 78 ಚೀಟಿಗಳಾಗುತ್ತವೆ. ಅಮ್ಮ ಅವನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಸಂಬಳದ ದಿನ ಪಟ್ಟಿಯಲ್ಲಿ ಕಾಣುವ ಕಿಲೋ ಕಡಿಮೆ ಅನ್ನಿಸಿದರೂ ಕೇಳಲು ಬಾಯಿ ಬರುತ್ತಿರಲಿಲ್ಲ. ಕೇಳಿದರೆ, ‘ರಿಜಿಸ್ಟರಿನಲ್ಲಿ ಇರುವುದೇ ಸರಿ’ ಎಂಬ ಉತ್ತರ. ದಣಿದು ಬಂದವರು ರಾತ್ರಿ ಕುಳಿತು 78 ಚೀಟಿ ಕೂಡಿಸುವುದುಂಟೇ? ಈ ಕಷ್ಟ ನಮ್ಮ ಮನೆಯದು ಮಾತ್ರವಲ್ಲ, ನಿಮಗೂ ಗೊತ್ತು.

ತಮಿಳುನಾಡು ಸರ್ಕಾರ 2011ರಲ್ಲಿ ಶಾಲಾ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಕೊಡುವ ಯೋಜನೆ ಆರಂಭಿಸಿತಲ್ಲವೇ? ಅದರಲ್ಲಿ ನನ್ನ ತಮ್ಮನಿಗೂ ಒಂದು ಬಂದಿತ್ತು. ಮನೆಯಲ್ಲಿ ಅದು ಹಾಡು ಕೇಳುವುದಕ್ಕೆ ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಬಾರದೆ ಇತ್ತು. ಇದರಲ್ಲಿ ಅಮ್ಮನ ಲೆಕ್ಕಕ್ಕೆ ಒಂದು ಪುಟ್ಟ ಕಿಟಕಿ ಮಾಡಬಾರದೇಕೆ ಎಂದು ನನಗೆ ತೋಚಿತು. ಇಂಥ ಪುಟ್ಟ ಕಿಟಕಿಗೆ ವಿಜೆಟ್ ಎಂದು ಹೆಸರು. ತೆರೆಯ ಒಂದು ಮೂಲೆಯಲ್ಲಿ ಕುಳಿತು ಒಂದೇ ಒಂದು ಕೆಲಸ ಮಾಡುವುದು ಅದರ ಗುಣ. ಗಡಿಯಾರ, ಕ್ಯಾಲೆಂಡರ್, ಕ್ಯಾಲ್ಕುಲೇಟರ್ ಹೀಗೆ.

ಈ ಯೋಚನೆ ಹಳೆಯದು. 1984ರಲ್ಲಿ ಬಂದ ಮ್ಯಾಕಿಂಟಾಷ್ ಕಂಪ್ಯೂಟರಿನಲ್ಲೇ ಇಂಥ ಗಡಿಯಾರವೂ ಕ್ಯಾಲ್ಕುಲೇಟರೂ ಇದ್ದವು. 2007ರಲ್ಲಿ ವಿಂಡೋಸ್ ವಿಸ್ಟಾ ಇವನ್ನು ತೆರೆಯ ಅಂಚಿನಲ್ಲಿ ಸಾಲಾಗಿ ಕೂರಿಸಿತು. ಆದರೆ ಅವುಗಳ ಮೂಲಕ ಕೆಟ್ಟವರು ಕಂಪ್ಯೂಟರಿನ ಒಳಗೆ ನುಗ್ಗಬಹುದೆಂದು ತಿಳಿದಾಗ, 2012ರಲ್ಲಿ ಮೈಕ್ರೋಸಾಫ್ಟ್ ಕಂಪನಿಯೇ ಅವನ್ನು ನಿಲ್ಲಿಸಿಬಿಡಿ ಎಂದು ಹೇಳಿತು. ಗುರುತಿಲ್ಲದವರು ಮಾಡಿದ್ದನ್ನು ಕಣ್ಣುಮುಚ್ಚಿ ಒಳಗೆ ಬಿಟ್ಟುಕೊಳ್ಳಬಾರದೆಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.

ನಾನು ಬಳಸಿದ್ದು ಪೈಥಾನ್ ಎಂಬ ಭಾಷೆ. ಹಾಲೆಂಡಿನ ಗೀಡೋ ವಾನ್ ರೋಸಮ್ ಎಂಬವರು 1991ರಲ್ಲಿ ಇದನ್ನು ಹೊರತಂದರು. ಇದಕ್ಕೆ ಕಾಸು ಕೊಡಬೇಕಾಗಿಲ್ಲ. ವಿಂಡೋಸಿನಲ್ಲಿ ಪೈಥಾನ್ ಹಾಕಿಕೊಂಡರೆ ಅದರ ಜೊತೆಗೇ ಟಿಕೆ-ಇಂಟರ್ ಎಂಬ ಸಾಮಾನಿನ ಪೆಟ್ಟಿಗೆಯೂ ಬರುತ್ತದೆ. ಕಿಟಕಿ, ಗುಂಡಿ, ಬರೆಯುವ ಖಾನೆ ಎಲ್ಲವೂ ಅದರಲ್ಲಿ ಸಿದ್ಧವಾಗಿ ಇರುತ್ತವೆ.

ಮಾಡುವ ಕ್ರಮ ಹೀಗೆ. ಮೊದಲು ಬರಿಯ ಕಿಟಕಿಯೊಂದನ್ನು ತೆರೆಯಬೇಕು. ಅದರಲ್ಲಿ ‘ಬೆಳಿಗ್ಗೆ’, ‘ಮಧ್ಯಾಹ್ನ’, ‘ಸಂಜೆ’ ಎಂದು ಮೂರು ಹೆಸರು, ಪಕ್ಕದಲ್ಲಿ ಮೂರು ಖಾನೆ, ಕೆಳಗೆ ‘ಕೂಡಿಸು’ ಎಂಬ ಗುಂಡಿ. ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು. ಗುಂಡಿ ಒತ್ತಿದಾಗ ಏನು ಮಾಡಬೇಕೆಂಬುದನ್ನು ಬೇರೆಯಾಗಿ ಬರೆದಿಡಬೇಕು. ಕಡೆಯ ಸಾಲಿನಲ್ಲಿ ‘ಮೇನ್‌ಲೂಪ್’ ಎಂಬ ಅಪ್ಪಣೆ ಇರಬೇಕು. ಅದು ಗೇಟಿನ ವಾಚ್‌ಮನ್ ಇದ್ದ ಹಾಗೆ. ಯಾರು ಬಂದರು, ಯಾವ ಗುಂಡಿ ಒತ್ತಿದರು ಎಂದು ಕಾಯುತ್ತಾ ಕುಳಿತಿರುತ್ತದೆ. ‘ಟಾಪ್‌ಮೋಸ್ಟ್’ ಎಂಬ ಇನ್ನೊಂದು ಅಪ್ಪಣೆ ಕೊಟ್ಟರೆ ಕಿಟಕಿ ಉಳಿದೆಲ್ಲದರ ಮೇಲೆಯೇ ನಿಲ್ಲುತ್ತದೆ.

ಈಗ ನನ್ನ ತಪ್ಪುಗಳು.

ಮೊದಲನೆಯದು. ಆ ದಿನ ಅಮ್ಮನ ತೂಕ 12, 16, 9 ಕಿಲೋ. ಮೂರನ್ನೂ ಹಾಕಿ ಗುಂಡಿ ಒತ್ತಿದೆ. ‘12169’ ಎಂದು ತೋರಿಸಿತು! ಅಮ್ಮ ನಕ್ಕು, “ಅಷ್ಟು ಎಲೆ ಕಿತ್ತಿದ್ರೆ ಗುಡ್ಡಾನೇ ಬೋಳಾಗೋಗಿರದು ಕಣವ್ವ” ಎಂದರು. ಆದದ್ದಿಷ್ಟೇ: ಖಾನೆಯಲ್ಲಿ ಬರೆದದ್ದು ಯಂತ್ರಕ್ಕೆ ಸಂಖ್ಯೆಯಲ್ಲ, ಬರಿಯ ಅಕ್ಷರ. ಅಕ್ಷರಗಳನ್ನು ಕೂಡಿಸೆಂದರೆ ಅದು ಪಕ್ಕಪಕ್ಕ ಅಂಟಿಸುತ್ತದೆ. ‘ಫ್ಲೋಟ್’ ಎಂಬ ಅಪ್ಪಣೆಯಿಂದ ಅವನ್ನು ಸಂಖ್ಯೆ ಮಾಡಿದ ಮೇಲೆ 37 ಎಂದು ಸರಿಯಾಗಿ ಹೇಳಿತು.

ಎರಡನೆಯದು. ಹೆಚ್ಚಿನ ಕಿಲೋವಿನ ಹಣವನ್ನೂ ಅದೇ ಲೆಕ್ಕ ಹಾಕಲಿ ಎಂದುಕೊಂಡೆ. ಉದಾಹರಣೆಗೆ, ದಿನದ ಮಟ್ಟ 25 ಕಿಲೋ, ಮೇಲಿನ ಪ್ರತಿ ಕಿಲೋಗೆ 2 ರೂಪಾಯಿ ಎಂದಿಟ್ಟುಕೊಳ್ಳಿ. 37 ಕಿಲೋ ಆದ ದಿನ ಹೆಚ್ಚಿನದು 12 ಕಿಲೋ, 24 ರೂಪಾಯಿ. ಸರಿಯಾಯಿತು. ಆದರೆ ಮಳೆ ಬಂದು 19 ಕಿಲೋ ಮಾತ್ರ ಆದ ದಿನ ‘ಮೈನಸ್ 12 ರೂಪಾಯಿ’ ಎಂದು ತೋರಿಸಿತು. ಮಳೆಯಲ್ಲಿ ನೆನೆದು ದುಡಿದ ಅಮ್ಮನೇ ತೋಟಕ್ಕೆ ಸಾಲ ಕೊಡಬೇಕೆಂಬಂತೆ! ತಪ್ಪು ಯಂತ್ರದ್ದಲ್ಲ, ನನ್ನದು. ‘ಮಟ್ಟಕ್ಕಿಂತ ಹೆಚ್ಚಾದರೆ ಮಾತ್ರ ಲೆಕ್ಕ ಹಾಕು, ಇಲ್ಲವಾದರೆ ಸೊನ್ನೆ’ ಎಂಬ ಷರತ್ತನ್ನು ನಾನು ಬರೆದಿರಲಿಲ್ಲ. ಪ್ರಿಯರೇ, ಕಂಪ್ಯೂಟರ್ ಹೇಳಿದ್ದೆಂದು ಯಾರಾದರೂ ನಿಮ್ಮ ಬಾಯಿ ಮುಚ್ಚಿಸಿದರೆ ಇದನ್ನು ನೆನೆಯಿರಿ. ಅದರೊಳಗಿನ ಷರತ್ತನ್ನು ಬರೆದವರು ಒಬ್ಬ ಮನುಷ್ಯರೇ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಕಿಟಕಿ ಮುಚ್ಚಿದರೆ ಲೆಕ್ಕ ಮರೆತುಹೋಗುತ್ತದೆ. ಆದ್ದರಿಂದ ದಿನದ ತಾರೀಖು, ತೂಕವನ್ನು ಒಂದು ಫೈಲಿನಲ್ಲಿ ಬರೆಸಿದೆ. ಐದನೆಯ ದಿನ ತೆರೆದು ನೋಡಿದರೆ ಅಂದಿನದು ಮಾತ್ರ ಇದೆ, ಹಿಂದಿನ ನಾಲ್ಕು ದಿನದ್ದು ಮಾಯ. ಫೈಲ್ ತೆರೆಯುವಾಗ ‘ಡಬ್ಲ್ಯು’ ಎಂದರೆ ಹಳೆಯದನ್ನು ಅಳಿಸಿ ಬರೆ ಎಂದರ್ಥ. ‘ಎ’ ಎಂದರೆ ಹಳೆಯದರ ಕೆಳಗೆ ಸೇರಿಸು ಎಂದರ್ಥ. ಒಂದೇ ಅಕ್ಷರದ ವ್ಯತ್ಯಾಸ, ನಾಲ್ಕು ದಿನದ ದುಡಿಮೆಯ ಲೆಕ್ಕ ಹೋಯಿತು. ಅಮ್ಮನ ತಗಡಿನ ಡಬ್ಬಿಯಲ್ಲಿ ಚೀಟಿಗಳಿದ್ದುದರಿಂದ ಉಳಿದೆವು.

ಆ ತಿಂಗಳ ಕೊನೆಗೆ ನಮ್ಮ ಕಿಟಕಿ 740 ಕಿಲೋ ಎಂದಿತು. ಸಂಬಳದ ಪಟ್ಟಿಯಲ್ಲಿ 713 ಇತ್ತು. ತಾರೀಖಿನ ಪ್ರಕಾರ ಬರೆದ ಹಾಳೆಯನ್ನೂ ಚೀಟಿಗಳನ್ನೂ ಹಿಡಿದು ಅಮ್ಮನೇ ಆಫೀಸಿಗೆ ಹೋದರು. ನಾನು ಜೊತೆಯಲ್ಲಿ ನಿಂತೆ. ರೈಟರ್ ಒಂದೊಂದೇ ದಿನ ನೋಡಿದರು. ಒಂದು ದಿನದ ಸಂಜೆಯ ತೂಕ 18 ಕಿಲೋ ರಿಜಿಸ್ಟರಿಗೆ ಏರಿರಲಿಲ್ಲ. ಇನ್ನೊಂದು ದಿನ ಚೀಟಿಯಲ್ಲಿ 12 ಇದ್ದುದನ್ನು ನಾನೇ 21 ಎಂದು ಒತ್ತಿದ್ದೆ. ನಮ್ಮ ತಪ್ಪಿನ 9 ಕಿಲೋವನ್ನು ನಾವು ಒಪ್ಪಿಕೊಂಡೆವು. ಅವರ 18 ಕಿಲೋವನ್ನು ಅವರು ಒಪ್ಪಿಕೊಂಡರು. 731 ಎಂದು ತಿದ್ದಿ ಬರೆದರು. ಹಣ ದೊಡ್ಡದಲ್ಲ. ಆದರೆ ಅಮ್ಮ ಆ ಮೇಜಿನ ಮುಂದೆ ತಲೆಯೆತ್ತಿ ನಿಂತು ಲೆಕ್ಕ ಹೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಯುವಕ ಯುವತಿಯರಿಗೆ ಕೊನೆಯದಾಗಿ ನಾಲ್ಕು ಮಾತು. ಪೈಥಾನನ್ನು ಅದರದೇ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಮೊದಲ ಸಂಜೆ ಬರಿಯ ಕಿಟಕಿ ತೆರೆದರೆ ಸಾಕು. ಮರುದಿನ ಒಂದು ಗುಂಡಿ. ಉತ್ತರ ಗೊತ್ತಿರುವ ಲೆಕ್ಕವನ್ನು ಮೊದಲು ಹಾಕಿ, ಸರಿ ಬಂದರೆ ಮಾತ್ರ ನಂಬಿ. ಚೀಟಿಗಳನ್ನು ಎಸೆಯಬೇಡಿ. ಮತ್ತು ಸಂಖ್ಯೆ ಒತ್ತುವಾಗ ಅಮ್ಮಂದಿರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಎಲೆ ಕಿತ್ತವರು ಅವರು, ಲೆಕ್ಕವೂ ಅವರದೇ.